ಬೀಗದ ಕೈ ಯಾರ ಬಳಿ?

ಹೋದ ತಿಂಗಳು ಒಂದು ಗೋಷ್ಠಿಯಲ್ಲಿ ನನ್ನ ಹಳೆಯ ಮಿತ್ರರೊಬ್ಬರು, ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಸಭೆಯ ಮುಂದೆ ಒಂದು ಸಲಹೆಯನ್ನಿಟ್ಟರು. ನಾಡಿನ ಹಳ್ಳಿ ಹೋಬಳಿಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಣ್ಣಪುಟ್ಟ ವಸ್ತುಸಂಗ್ರಹಾಲಯಗಳನ್ನೆಲ್ಲ ಮುಚ್ಚಿ, ಅವುಗಳಲ್ಲಿರುವ ಸಾಮಾನನ್ನು ಬೆಂಗಳೂರಿಗೆ ಸಾಗಿಸಿ, ಅಲ್ಲಿ ಹವಾನಿಯಂತ್ರಿತವಾದ ಒಂದೇ ಒಂದು ಭವ್ಯ ಭವನವನ್ನು ಕಟ್ಟಬೇಕಂತೆ. "ಹತ್ತು ಗುಡಿಸಲಿಗಿಂತ ಒಂದು ಅರಮನೆ ಲೇಸು" ಎಂದು ಮುಗಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ತಟ್ಟದ ಕಾರಣವನ್ನು ಅಲ್ಲಿಯೇ ಹೇಳೋಣವೆಂದು ಎದ್ದರೆ, ಅಧ್ಯಕ್ಷರು ಕಾಫಿಗೆ ಹೊತ್ತಾಯಿತೆಂದು ಗಂಟೆ ಬಾರಿಸಿಬಿಟ್ಟರು. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ನಾನು ಪುರಾತತ್ತ್ವಜ್ಞನಲ್ಲ, ಸಂಶೋಧಕನೂ ಅಲ್ಲ. ಆದರೆ ಮೂವತ್ತು ವರ್ಷಗಳಿಂದ ನನಗೊಂದು ಚಟ ಅಂಟಿಕೊಂಡಿದೆ. ಕಾರಿನಲ್ಲಿ ಊರೂರು ಸುತ್ತುವಾಗ 'ವಸ್ತುಸಂಗ್ರಹಾಲಯ' ಎಂಬ ಹಲಗೆ, ಅದು ಎಷ್ಟೇ ಬಣ್ಣಗೆಟ್ಟು ವಾಲಿಕೊಂಡಿರಲಿ, ಕಣ್ಣಿಗೆ ಬಿದ್ದರೆ ಸಾಕು, ಕಾರು ತಾನಾಗಿ ಆ ಕಡೆಗೆ ತಿರುಗುತ್ತದೆ. ಹಿಂದಿನ ಸೀಟಿನಿಂದ ನಿಟ್ಟುಸಿರು ಕೇಳಿಸುತ್ತದೆ. "ಮತ್ತೆ ಒರಳುಕಲ್ಲು ನೋಡಬೇಕೆ?" ಎನ್ನುತ್ತಾಳೆ ನನ್ನಾಕೆ. "ಬೀಸುವ ಕಲ್ಲೂ ಇರಬಹುದು" ಎಂದು ಸಮಾಧಾನ ಹೇಳುತ್ತೇನೆ. ಹೀಗೆ ನೋಡಿದ ಮ್ಯೂಸಿಯಮ್ಮುಗಳಿಗೆ ಲೆಕ್ಕವಿಟ್ಟಿಲ್ಲ.

ಮಿತ್ರರ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಸಣ್ಣ ಮ್ಯೂಸಿಯಮ್ಮುಗಳ ದುಃಸ್ಥಿತಿಯನ್ನು ಅವರಿಗಿಂತ ಹೆಚ್ಚಾಗಿ ಕಂಡವನು ನಾನು. ಗೆದ್ದಲು ಹಿಡಿದ ತಾಳೆಗರಿಯನ್ನು ನೋಡಿದ್ದೇನೆ. ಕತ್ತಿಯ ಮುಂದೆ 'ಕತ್ತಿ' ಎಂದೂ ಮಡಕೆಯ ಮುಂದೆ 'ಮಡಕೆ' ಎಂದೂ ಚೀಟಿ ಅಂಟಿಸಿ ಕೃತಾರ್ಥರಾದವರನ್ನು ಕಂಡಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ, ಬೀಗವನ್ನು ಕಂಡಿದ್ದೇನೆ. ನಮ್ಮ ನಾಡಿನ ಸಣ್ಣ ಮ್ಯೂಸಿಯಮ್ಮುಗಳಲ್ಲಿ ಎಲ್ಲರಿಗೂ ತಪ್ಪದೆ ನೋಡಲು ಸಿಗುವ ವಸ್ತುವೆಂದರೆ ಬಾಗಿಲ ಬೀಗವೇ.

ಒಮ್ಮೆ ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಇದೇ ಕಥೆಯಾಯಿತು. ಹಳೆಯ ಶಾಲೆಯ ಒಂದು ಕೊಠಡಿಯೇ ಅಲ್ಲಿಯ ಮ್ಯೂಸಿಯಂ. ಬಾಗಿಲಿಗೆ ಬೀಗ. ಎದುರಿನ ಹೋಟೆಲಿನವನನ್ನು ಕೇಳಿದರೆ, ಬೀಗದ ಕೈ ಪಂಚಾಯಿತಿಯವರ ಹತ್ತಿರ ಎಂದ. ಪಂಚಾಯಿತಿಯವರು, ಮೇಷ್ಟ್ರ ಹತ್ತಿರ ಎಂದರು. ಮೇಷ್ಟ್ರ ಮನೆಯಲ್ಲಿ, ಅವರು ಮದುವೆಗೆ ಹೋಗಿದ್ದಾರೆ ಎಂದರು. ಎರಡು ಗಂಟೆ ಕಾದೆವು. ಕೊನೆಗೆ ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರು, ಬಾಯಲ್ಲಿ ಮದುವೆಮನೆಯ ತಾಂಬೂಲ, ಮೊಪೆಡ್ಡಿನ ಮೇಲೆ ಬಂದು ಇಳಿದರು. "ಕ್ಷಮಿಸಬೇಕು ಸ್ವಾಮಿ, ಪಾಯಸ ಬಡಿಸುವವರೆಗೆ ಏಳಗೊಡಲಿಲ್ಲ" ಎನ್ನುತ್ತ ಬಾಗಿಲು ತೆಗೆದರು.

ಒಳಗೆ ಇದ್ದದ್ದು ಎಲ್ಲ ಕಡೆಯೂ ಇರುವಂಥವೇ: ಕೂರಿಗೆ, ಕುಂಟೆ, ಮೊರ, ಒನಕೆ, ಗುಡಾಣ. ನನ್ನಾಕೆ ಆಗಲೇ ಬಾಗಿಲಕಡೆ ನೋಡತೊಡಗಿದ್ದಳು. ಮೇಷ್ಟ್ರು ಒಂದು ಹಲಗೆಯ ಮೇಲಿಂದ ಎರಡು ಕೊಳಗಗಳನ್ನು ಇಳಿಸಿ ನನ್ನ ಮುಂದಿಟ್ಟರು. ಎರಡೂ ಮರದವು, ಎರಡಕ್ಕೂ ಹಿತ್ತಾಳೆಯ ಪಟ್ಟಿ. ಅವಳಿ ಮಕ್ಕಳಂತೆ ಒಂದನ್ನು ಬಿಟ್ಟು ಒಂದನ್ನು ಗುರುತಿಸಲಾಗದು. ಮೂಲೆಯಲ್ಲಿದ್ದ ಚೀಲದಿಂದ ರಾಗಿ ತೆಗೆದು ಒಂದರ ಕಂಠದವರೆಗೆ ಅಳೆದು ತುಂಬಿದರು. ಅದನ್ನೇ ಇನ್ನೊಂದಕ್ಕೆ ಸುರಿದರು. ತುಂಬಲಿಲ್ಲ. ಇನ್ನೆರಡು ಹಿಡಿ ಹಾಕಿದ ಮೇಲೆ ಕಂಠ ಮುಟ್ಟಿತು.

"ಇವೆರಡೂ ಒಂದೇ ಮನೆಯವು. ಸಾಲ ಕೊಡುವಾಗ ಇದರಲ್ಲಿ ಅಳೆದು ಕೊಡೋರು, ವಸೂಲು ಮಾಡುವಾಗ ಅದರಲ್ಲಿ ಅಳೆದುಕೊಳ್ಳೋರು. ಖಂಡುಗಕ್ಕೆ ಇಪ್ಪತ್ತು ಕೊಳಗ. ಕೊಳಗಕ್ಕೆ ಎರಡು ಹಿಡಿಯಂತೆ ಖಂಡುಗಕ್ಕೆ ನಲವತ್ತು ಹಿಡಿ. ಬಡ್ಡಿ ಬೇರೆ. ಲೆಕ್ಕ ಹಾಕಿಕೊಳ್ಳಿ ಸ್ವಾಮಿ."

ಯಾರ ಮನೆಯವು ಎಂದು ಕೇಳಿದೆ. ಮೇಷ್ಟ್ರು ಮಾತಾಡದೆ ಗದ್ದವನ್ನು ಕಿಟಕಿಯ ಕಡೆ ಎತ್ತಿದರು. ಬೀದಿಯ ಆಚೆ ದೊಡ್ಡ ಹೆಂಚಿನ ಮನೆ. ಜಗಲಿಯ ಮೇಲೆ ಒಬ್ಬಾಕೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಎರಡೂ ಕೊಳಗವನ್ನು ತಂದುಕೊಟ್ಟವನು ಆ ಮನೆಯ ಮೊಮ್ಮಗನೇ ಅಂತೆ. ಅಟ್ಟ ಗುಡಿಸುವಾಗ ಸಿಕ್ಕಿದವು, ಏಕೆ ಎರಡು ಎಂದು ಅಜ್ಜಿಯನ್ನು ಕೇಳಿದ, ಅಜ್ಜಿ ಹೇಳಿದಳು, ಒಂದು ವಾರ ಮಂಕಾಗಿದ್ದು, ಆಮೇಲೆ ಎರಡನ್ನೂ ಕಂಕುಳಲ್ಲಿಟ್ಟುಕೊಂಡು ಬಂದು ಮೇಷ್ಟ್ರ ಮುಂದಿಟ್ಟ.

"ಮತ್ತೆ ಚೀಟಿಯಲ್ಲಿ ಬರೀ ಕೊಳಗ 2 ಅಂತ ಬರೆದಿದ್ದೀರಲ್ಲ ಮೇಷ್ಟ್ರೇ?"

"ಬರೆದರೆ ಕಲ್ಲಿನ ಮೇಲೆ ಕೆತ್ತಿದ ಹಾಗಾಗುತ್ತೆ. ಬಾಯಲ್ಲಿ ಹೇಳಿದರೆ ಮಾತು. ಕೇಳಿದವರಿಗೆ ಹೇಳ್ತೀನಿ. ಆ ಹುಡುಗನೂ ಹೇಳಿ ಅಂದಿದಾನೆ."

ಈಗ ನನ್ನ ಮಿತ್ರರ ಸಲಹೆಯಂತೆ ಈ ಕೊಳಗಗಳನ್ನು ಬೆಂಗಳೂರಿಗೆ ಸಾಗಿಸೋಣ. ಗಾಜಿನ ಪೆಟ್ಟಿಗೆ, ಒಳ್ಳೆಯ ದೀಪ, ಅಚ್ಚುಕಟ್ಟಾದ ಚೀಟಿ: 'ಧಾನ್ಯದ ಅಳತೆಯ ಪಾತ್ರೆ. ಮರ ಮತ್ತು ಹಿತ್ತಾಳೆ.' ಎರಡೂ ಒಂದೇ ರೀತಿ ಇರುವುದರಿಂದ ಒಂದನ್ನು ಪ್ರದರ್ಶನಕ್ಕಿಟ್ಟು ಇನ್ನೊಂದನ್ನು ಉಗ್ರಾಣಕ್ಕೆ ಹಾಕುತ್ತಾರೆ. ಯಾವ ಕ್ಯೂರೇಟರಾದರೂ ಹಾಗೆಯೇ ಮಾಡಿಯಾನು, ಅವನ ತಪ್ಪಲ್ಲ. ಒಂದು ಊರಿನ ಮೂರು ತಲೆಮಾರಿನ ಹೊಟ್ಟೆಯುರಿಗೆ ಇದ್ದ ಸಾಕ್ಷಿ ಅಲ್ಲಿಗೆ ಮುಗಿಯಿತು. ಕೊಳಗ ಉಳಿಯಿತು, ಮೋಸ ಮಾಯವಾಯಿತು. ತೂಕ ಅಳತೆಗಳ ಕಾಯಿದೆ 1956ರಲ್ಲಿ ಬಂದು ಸೇರು ಕೊಳಗಗಳು ವ್ಯವಹಾರದಿಂದ ಹೊರಟುಹೋದ ಮೇಲೆ, ಊರಿಗೊಂದು ಅಳತೆಯಿತ್ತು, ಕೆಲವು ಮನೆಗಳಲ್ಲಿ ಎರಡಿದ್ದವು ಎಂಬುದನ್ನು ಹೇಳುವವರೇ ವಿರಳ. ಅವರಲ್ಲೊಬ್ಬರ ಬಾಯಿಯನ್ನು ನಾವೇ ಮುಚ್ಚಿಸಿದಂತಾಯಿತು.

ಸಾಗಿಸುವುದೆಂದರೆ ಏನಾಗುತ್ತದೆಂದು ತಿಳಿಯಲು ಊಹೆಯೇನೂ ಬೇಕಾಗಿಲ್ಲ. ಅದೇ ಪ್ರಯಾಣದಲ್ಲಿ ನಾವು ಬೇಲೂರು ತಾಲ್ಲೂಕಿನ ಹಲ್ಮಿಡಿಗೂ ಹೋಗಿದ್ದೆವು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಐದನೆಯ ಶತಮಾನದ ಶಾಸನದಿಂದಾಗಿ ಆ ಪುಟ್ಟ ಹಳ್ಳಿಯ ಹೆಸರು ಕನ್ನಡ ಕಲಿತ ಪ್ರತಿಯೊಂದು ಮಗುವಿಗೂ ಗೊತ್ತು. ಊರಿನಲ್ಲಿ ಮಂಟಪವಿದೆ. ಮಂಟಪದಲ್ಲಿ ಶಾಸನವೂ ಇದೆ. ಭಕ್ತಿಯಿಂದ ಕೈಚಾಚಿದೆ. ಸೈಕಲ್ ಟೈರು ಉರುಳಿಸುತ್ತಿದ್ದ ಹುಡುಗನೊಬ್ಬ ನಿಂತು, "ಅದು ಫೈಬರ್ರು ಸಾರ್. ಕಲ್ಲಿನದು ಮೈಸೂರಿಗೆ ಹೋಗದೆ" ಎಂದ. ಹೌದು, ಮೂಲ ಶಾಸನ ಮೈಸೂರಿಗೆ ಹೋಯಿತು. ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಸೇರಿತು. ಊರಿಗೆ ಸಿಕ್ಕಿದ್ದು ನಕಲು. 1936ರಲ್ಲಿ ಬೇರೆ ದಾರಿಯಿರಲಿಲ್ಲವೆಂದರೆ ಒಪ್ಪುತ್ತೇನೆ. ಆದರೆ ಈ ಹುಡುಗನ ದನಿಯಲ್ಲಿ ಊರಿನ ಹೆಮ್ಮೆಯ ಜೊತೆಗೆ ಇದ್ದ ಇನ್ನೊಂದನ್ನು ನಾನು ಕೇಳಿದೆ. ಅದಕ್ಕೆ ಹವಾನಿಯಂತ್ರಣದಲ್ಲಿ ಉತ್ತರವಿಲ್ಲ.

ಸಿಕ್ಕಿದ್ದನ್ನು ಸಿಕ್ಕಿದಲ್ಲಿಯೇ ಇಡಬೇಕೆಂಬುದು ನನ್ನೊಬ್ಬನ ಹುಚ್ಚೂ ಅಲ್ಲ. ಸಾರನಾಥದಲ್ಲಿ ಅಗೆದು ತೆಗೆದದ್ದನ್ನು ಸಾರನಾಥದಲ್ಲಿಯೇ ಇಡಲು 1910ರಲ್ಲಿಯೇ ಮ್ಯೂಸಿಯಂ ಕಟ್ಟಿದರು. ಆಗ ಆಳುತ್ತಿದ್ದವರು ಪರದೇಶದವರು. ಹಳೇಬೀಡು, ಐಹೊಳೆ, ಬಾದಾಮಿಗಳಲ್ಲಿ ಇರುವುವೂ ಅಂಥವೇ. ದೇವಾಲಯದ ಕಲ್ಲಿಗೆ ಸಲ್ಲುವ ನ್ಯಾಯ ರೈತನ ಕೊಳಗಕ್ಕೆ ಏಕೆ ಸಲ್ಲಬಾರದು?

ಇನ್ನೊಂದು ಗುಂಪಿನವರ ಮೇಲೂ ನನಗೆ ಸಿಟ್ಟಿದೆ; ಅವರು ನನ್ನ ಮಿತ್ರರಿಗಿಂತ ಹೆಚ್ಚು ಅಪಾಯಕಾರಿಗಳು. 'ನೀವು ನೋಡಲೇಬೇಕಾದ ಹತ್ತು ವಿಚಿತ್ರ ಮ್ಯೂಸಿಯಮ್ಮುಗಳು' ಎಂದು ಪಟ್ಟಿ ಮಾಡುವವರು. ಇವರಿಗೆ ಮ್ಯೂಸಿಯಂ ಬೇಕು, ಆದರೆ ನಗುವುದಕ್ಕೆ ಬೇಕು. ಇವರ ಪಟ್ಟಿಯ ತಲೆಯ ಮೇಲೆ ಯಾವಾಗಲೂ ಕೂತಿರುವುದು ದಿಲ್ಲಿಯ ಶೌಚಾಲಯ ಮ್ಯೂಸಿಯಂ. ಸುಲಭ್ ಸಂಸ್ಥೆಯ ಬಿಂದೇಶ್ವರ ಪಾಠಕ್ ಅವರು 1992ರಲ್ಲಿ ಸ್ಥಾಪಿಸಿದ್ದು. ನಾನೂ ನಗುತ್ತಲೇ ಒಳಗೆ ಹೋದವನು. ಫ್ರಾನ್ಸಿನ ಒಬ್ಬ ರಾಜ ಕೂರುತ್ತಿದ್ದನೆನ್ನುವ ಸಿಂಹಾಸನದ ಮಾದರಿ, ಹೂವಿನ ಚಿತ್ತಾರದ ಪಿಂಗಾಣಿ ಪಾತ್ರೆಗಳು. ಯಾರಿಗೆ ನಗು ಬಾರದು? ಅಂಗಳದಲ್ಲಿ ಎರಡು ಗುಂಡಿಗಳ ಕಕ್ಕಸಿನ ಮಾದರಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಂದು ತುಂಬಿದಾಗ ಇನ್ನೊಂದನ್ನು ಬಳಸುವುದು; ಅಷ್ಟರಲ್ಲಿ ಮೊದಲನೆಯದು ಗೊಬ್ಬರವಾಗುವುದು; ಮನುಷ್ಯನ ತಲೆಯ ಮೇಲೆ ಮಲದ ಬುಟ್ಟಿ ಏರಬೇಕಾಗಿಲ್ಲ. ಅಲ್ಲಿ ನನ್ನ ನಗು ನಿಂತಿತು.

ನಮ್ಮ ರಾಜ್ಯದಲ್ಲಿ ಆ ಬುಟ್ಟಿಯನ್ನು ಇಳಿಸಲು 1970ರ ದಶಕದ ಆರಂಭದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಹೋರಾಡಿದರು. ಕೇಂದ್ರದ ಕಾಯಿದೆ 1993ರಲ್ಲಿ ಬಂತು. ಇಷ್ಟೆಲ್ಲ ಆದಮೇಲೂ 2010ರಲ್ಲಿ ಸವಣೂರಿನಲ್ಲಿ ಆ ಕೆಲಸದ ಜನ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರಲ್ಲಿ ಇನ್ನೊಂದು ಕಾಯಿದೆ ತರಬೇಕಾಯಿತು. ಇದು ವಿಚಿತ್ರವೇ? ವಿಚಿತ್ರವೆಂದು ನಕ್ಕವನು ಗುಂಡಿಗಳ ಬಳಿ ಹೋಗುವ ಮೊದಲೇ ಸಿಂಹಾಸನದ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡು ಹೊರಟುಬಿಟ್ಟಿರುತ್ತಾನೆ.

ಪುಣೆಯ ರಾಜಾ ಕೇಳಕರ್ ಮ್ಯೂಸಿಯಮ್ಮೂ ಇವರ ಬಾಯಲ್ಲಿ 'ಅಡಕೊತ್ತಿನ ಮ್ಯೂಸಿಯಂ'. ಬೆಳಗಾವಿಯಿಂದ ಆ ಕಡೆಗೆ ಹೋಗುವವರು ಒಮ್ಮೆ ನೋಡಬೇಕು. ಅಡಕೊತ್ತು, ದೀಪ, ಬಾಗಿಲು, ಬಾಚಣಿಗೆ ಎಂದು ದಿನಕರ ಕೇಳಕರರು ಬದುಕಿನುದ್ದಕ್ಕೂ ಹಳ್ಳಿಹಳ್ಳಿ ಅಲೆದು ಕೂಡಿಸಿದ ಸಾವಿರಾರು ವಸ್ತುಗಳು ಅಲ್ಲಿವೆ. ರಾಜಾ ಎಂಬುದು ಯಾವ ಸಂಸ್ಥಾನದ ರಾಜನ ಹೆಸರೂ ಅಲ್ಲ, ಚಿಕ್ಕಂದಿನಲ್ಲಿ ತೀರಿಕೊಂಡ ಅವರ ಮಗನ ಹೆಸರು. ಬಾಗಿಲಲ್ಲೇ ಅದನ್ನು ತಿಳಿದುಕೊಂಡು ಒಳಗೆ ಹೋದರೆ ಮಕ್ಕಳ ಆಟಿಕೆಗಳ ಮುಂದೆ ಕಾಲು ನಿಲ್ಲುತ್ತದೆ.

ಮಿತ್ರರು ಸುಮ್ಮನಿರುವವರಲ್ಲ. ಗೋಷ್ಠಿ ಮುಗಿದ ಮೇಲೆ ಕಾಫಿಯ ಲೋಟ ಹಿಡಿದೇ ನನ್ನನ್ನು ಮೂಲೆಗೆ ಒತ್ತಿದರು. "ಕುಪ್ಪಳಿಯಲ್ಲಿ ಏನಾಯಿತು, ಮರೆತಿರಾ?" ಮರೆತಿಲ್ಲ. 2015ರ ನವೆಂಬರಿನಲ್ಲಿ ಕುವೆಂಪು ಅವರ ಮನೆಗೆ, ಕವಿಮನೆಗೆ, ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತುಕೊಂಡು ಹೋದರು. ಓದಿದ ದಿನ ಊಟ ಸೇರಲಿಲ್ಲ. ಕಾಡಿನ ನಡುವಿನ ಒಂಟಿ ಮನೆಗೆ ಕಾವಲು ಸಾಲದಾಯಿತು ಎನ್ನಿ, ಒಪ್ಪಿದೆ. ಹಾಗೆಂದು ಕವಿಯ ಮನೆಯನ್ನೇ ಕಿತ್ತು ಬೆಂಗಳೂರಿಗೆ ತರಬೇಕೆ? ಕುಪ್ಪಳಿಯ ಮಳೆ, ಆ ಕಾಡು, ಕವಿಶೈಲದ ಬಂಡೆ, ಇವುಗಳನ್ನು ಯಾವ ಲಾರಿಯಲ್ಲಿ ತುಂಬುತ್ತಾರೆ?

ಒಂದೇ ಕಡೆ ಕೂಡಿಸಿದರೆ ಕಳ್ಳನಿಗೆ ಕಷ್ಟ, ನಿಜ. ಆದರೆ ಬೆಂಕಿಗೆ ಬಲು ಸುಲಭ. ದಿಲ್ಲಿಯ ಪ್ರಾಕೃತಿಕ ಇತಿಹಾಸದ ರಾಷ್ಟ್ರೀಯ ಸಂಗ್ರಹಾಲಯ 2016ರ ಏಪ್ರಿಲಿನ ಒಂದು ರಾತ್ರಿ ಸುಟ್ಟುಹೋಯಿತು. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ ದೇಶದ ರಾಷ್ಟ್ರೀಯ ಸಂಗ್ರಹಾಲಯ ಸುಟ್ಟಿತು. ಸುಮಾರು ಎರಡು ಕೋಟಿ ವಸ್ತುಗಳ ಭಂಡಾರ, ಬಹುಪಾಲು ಬೂದಿ. ಮಾತಾಡುವವರೇ ಇಲ್ಲವಾದ ಆದಿವಾಸಿ ನುಡಿಗಳ ಧ್ವನಿಮುದ್ರಣಗಳೂ ಅದರಲ್ಲಿ ಹೋದವು. ಒಂದು ದೇಶ ತನ್ನ ನೆನಪನ್ನೆಲ್ಲ ಒಂದೇ ಸೂರಿನಡಿಯಲ್ಲಿಟ್ಟುಕೊಂಡದ್ದರ ಫಲ. ಸಣ್ಣ ಮ್ಯೂಸಿಯಮ್ಮೂ ಸುಡಬಹುದು. ಆದರೆ ಹಾಸನದ ಹಳ್ಳಿಯದು ಸುಟ್ಟರೆ ಮಣಿಪಾಲದ್ದು ಸುಡುವುದಿಲ್ಲ.

ಮಣಿಪಾಲವೆಂದೊಡನೆ ನನ್ನ ವಾದಕ್ಕೆ ನಾನೇ ಅಡ್ಡ ನಿಲ್ಲಬೇಕಾಗಿದೆ. ಅಲ್ಲಿಯ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ಕಟ್ಟಿದ ವಿಜಯನಾಥ ಶೆಣೈ ಅವರು, 2017ರಲ್ಲಿ ತೀರಿಕೊಂಡರು, ನಾನು ಬೇಡವೆನ್ನುವುದನ್ನೇ ಜೀವನವಿಡೀ ಮಾಡಿದವರು. ಕುಕನೂರಿನ ಕಮಲಮಹಲು, ಮುಧೋಳದ ಅರಮನೆಯ ದರ್ಬಾರು ಹಜಾರ, ಹುಮನಾಬಾದಿನ ನವಾಬರ ಮಹಲು, ಕರಾವಳಿಯ ಹಳೆಯ ಮನೆಗಳು, ಎಲ್ಲವನ್ನೂ ಬಿಚ್ಚಿಸಿ, ತಂದು, ಮಣಿಪಾಲದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಬಯಲುಸೀಮೆಯ ಮನೆಗೆ ಅಲ್ಲಿ ಕರಾವಳಿಯ ಮಳೆ ಸುರಿಯುತ್ತಿದೆ. ಇದು ಸರಿಯೆ? ಆ ಮನೆಗಳು ಅವರ ಕೈಗೆ ಬರದಿದ್ದರೆ ತೊಲೆ ಕಂಬಗಳೆಲ್ಲ ಹಳೆಯ ಮರದ ವ್ಯಾಪಾರಿಯ ಪಾಲಾಗಿ, ಇಂದು ಯಾವುದೋ ರೆಸಾರ್ಟಿನ ಬಾಗಿಲಲ್ಲಿ ನಿಂತಿರುತ್ತಿದ್ದವು. ಆದ್ದರಿಂದ ನಾನು ಅವರಿಗೆ ಕೈಮುಗಿಯುತ್ತೇನೆ. ಸಾಯುವವನನ್ನು ಆಸ್ಪತ್ರೆಗೆ ಸಾಗಿಸುವುದು ಬೇರೆ, ಬದುಕಿರುವವನನ್ನು ಊರು ಬಿಡಿಸುವುದು ಬೇರೆ. ಅಲ್ಲದೆ ಶೆಣೈ ಅವರು ಒಂದೊಂದು ತೊಲೆಯ ಹಿಂದೆಯೂ ತಾವೇ ಅಲೆದವರು. ಸರ್ಕಾರದ ಲಾರಿ ಅಲೆಯುವುದಿಲ್ಲ.

ಇಷ್ಟು ಜಗಳವಾಡುತ್ತಿರುವಾಗಲೇ ಮಿತ್ರರ ಕೆಲಸವನ್ನು ಬೇರೊಬ್ಬರು ಸದ್ದಿಲ್ಲದೆ ಮಾಡಿಬಿಟ್ಟಿದ್ದಾರೆ: ರಸ್ತೆ. ರಾಮನಗರದ ಬಳಿಯ ಜಾನಪದ ಲೋಕವನ್ನು ಎಚ್. ಎಲ್. ನಾಗೇಗೌಡರು ಕಟ್ಟಿದರು. ಐ. ಎ. ಎಸ್. ಅಧಿಕಾರಿಯಾಗಿದ್ದು ನಿವೃತ್ತರಾದವರು, ನನ್ನ ಮಿತ್ರರು ಗಮನಿಸಬೇಕು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ಈ ಲೋಕ, ಹದಿನೈದು ಎಕರೆಯಲ್ಲಿ. ಅವರು ಕೇವಲ ಮಡಕೆ ಕುಡಿಕೆಗಳನ್ನು ಕೂಡಿಸಲಿಲ್ಲ, ಹಾಡುವವರ ದನಿಯನ್ನೂ ಕುಣಿಯುವವರ ಹೆಜ್ಜೆಯನ್ನೂ ಮುದ್ರಿಸಿ ಇರಿಸಿದರು. ಹೆದ್ದಾರಿಯ ಪಕ್ಕದಲ್ಲಿಯೇ ಇದ್ದುದರಿಂದ, ಮೈಸೂರಿಗೆ ಹೋಗುವವರು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಇಲ್ಲಿ ಇಳಿದು, ಚನ್ನಪಟ್ಟಣದಲ್ಲಿ ಮಗುವಿಗೊಂದು ಗೊಂಬೆ ಕೊಂಡು, ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಸಾಗುತ್ತಿದ್ದರು. 2023ರ ಮಾರ್ಚಿನಲ್ಲಿ ಹೊಸ ದಶಪಥ ಉದ್ಘಾಟನೆಯಾಯಿತು. ಅದು ಈ ಊರುಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು, ಒಂದೂವರೆ ಗಂಟೆಯಲ್ಲಿ ಮೈಸೂರು ಮುಟ್ಟಿಸುತ್ತೇನೆಂದು ಹೇಳಿಕೊಳ್ಳುತ್ತದೆ. ಮುಟ್ಟಿಸಲಿ, ನನ್ನ ತಕರಾರಿಲ್ಲ; ಮಗಳ ಮನೆ ಮೈಸೂರಿನಲ್ಲಿದೆ, ನಾನೂ ಅದರಲ್ಲಿ ಹೋಗಿದ್ದೇನೆ. ಆದರೆ ಎರಡೂ ಕಡೆ ಬೇಲಿ ಹಾಕಿದ ಆ ರಸ್ತೆಯಲ್ಲಿ ಯಾರ ಕಾರೂ ತಾನಾಗಿ ತಿರುಗಲಾರದು. ಜಾನಪದ ಲೋಕಕ್ಕೆ ಹೋಗಬೇಕೆಂದು ಮನೆಯಲ್ಲಿಯೇ ನಿಶ್ಚಯಿಸಿ ಹೊರಟವರು ಮಾತ್ರ ಹೋದಾರು. ಸಣ್ಣ ಮ್ಯೂಸಿಯಂ ಬದುಕಿದ್ದು ಅಂಥವರಿಂದಲ್ಲ. ಬದುಕಿದ್ದು ಕಾಲು ಜೋಮು ಹಿಡಿದು ಇಳಿದವರಿಂದ, ಮಗುವಿಗೆ ಬಾಯಾರಿಕೆಯಾಯಿತೆಂದು ನಿಲ್ಲಿಸಿದವರಿಂದ, ನನ್ನಂಥ ಚಟದವರಿಂದ.

ಭವ್ಯ ಭವನಕ್ಕೆ ಎಷ್ಟು ಕೋಟಿಯಾಗುತ್ತದೆಂದು ಮಿತ್ರರು ಹೇಳಲಿಲ್ಲ. ನಾನು ಕೇಳುವುದು ಭವನವನ್ನಲ್ಲ. ಆ ಮೇಷ್ಟ್ರಿಗೆ ತಿಂಗಳಿಗೆ ಒಂದಿಷ್ಟು ಗೌರವಧನ ಕೊಡಿ. ಈಗ ಅವರು ಮೊಪೆಡ್ಡಿನ ಪೆಟ್ರೋಲನ್ನೂ ಪಿಂಚಣಿಯಿಂದ ಹಾಕಿಸುತ್ತಾರೆ. ಗೆದ್ದಲಿಗೆ ಔಷಧಿ, ಬಾಗಿಲಿಗೆ ಗಟ್ಟಿ ಅಗುಳಿ. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ, ತಿಂಡಿ ತೀರ್ಥದ ಹಲಗೆಗಳ ಜೊತೆಗೆ ಇದಕ್ಕೂ ಒಂದು ಹಲಗೆ. ಎಲ್ಲಕ್ಕೂ ಮೊದಲು, ಯಾರಾದರೂ ಹತ್ತು ದಿನ ಅವರ ಪಕ್ಕದಲ್ಲಿ ಕುಳಿತು, ಒಂದೊಂದು ವಸ್ತುವಿನ ಮೇಲೂ ಕೈಯಿಟ್ಟು ಅವರು ಹೇಳುವುದನ್ನು ಮುದ್ರಿಸಿಕೊಳ್ಳಲಿ. ಮೊಬೈಲ್ ಫೋನು ಸಾಕು. ಅವರಿಗೆ ಎಪ್ಪತ್ತೆಂಟು ವರ್ಷ. ಕೂರಿಗೆಯ ಹಿಂದೆ ಅಕ್ಕಡಿ ಸಾಲಿಗೆ ಕಾಳು ಬಿಡುವ ಬಿದಿರಿನ ಕೊಳವೆಗೆ ಸಡ್ಡೆ ಎನ್ನುತ್ತಾರೆಂದು ನನಗೆ ಅವರಿಂದ ತಿಳಿಯಿತು. ಅವರ ಮೊಮ್ಮಗನಿಗೆ ನನ್ನಿಂದ ತಿಳಿಯಿತು.

ಈ ಬರಹದ ಕರಡನ್ನು ಮೊನ್ನೆ ಮಿತ್ರರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ತಮ್ಮ ಸಲಹೆಯನ್ನೇನೂ ಹಿಂತೆಗೆದುಕೊಳ್ಳಲಿಲ್ಲ; ಆಡಳಿತದ ಅನುಭವವಿಲ್ಲದವರು ಹೀಗೇ ಮಾತಾಡುವುದೆಂದರು. ಸ್ವಲ್ಪ ಹೊತ್ತಿನ ಮೇಲೆ, "ಆ ಎರಡು ಕೊಳಗ ನೋಡಬೇಕಲ್ಲ ರಾಯರೇ" ಎಂದರು. ಬರುವ ಭಾನುವಾರ ಹೊರಡುವುದೆಂದಾಗಿದೆ. ಮೇಷ್ಟ್ರಿಗೆ ಫೋನು ಮಾಡಿದೆ. ಆ ದಿನವೂ ಯಾರದೋ ಮದುವೆಯಂತೆ. "ಬೀಗದ ಕೈ ಹೋಟೆಲಿನವನ ಹತ್ತಿರ ಕೊಟ್ಟಿರುತ್ತೇನೆ, ತೆಗೆದು ನೋಡಿಕೊಂಡು ಹೋಗಿ ಸ್ವಾಮಿ" ಎಂದರು. ಬೇಡ, ಪಾಯಸ ಮುಗಿಸಿಕೊಂಡೇ ಬನ್ನಿ, ಕಾಯುತ್ತೇವೆ ಎಂದಿದ್ದೇನೆ.